ಶುಗರ್ ಕ್ಯಾಂಪ್ ಮುಗಿದ ಮೇಲೆ ಏನು ಮಾಡುತ್ತೀರಿ?

ಹೊಸಹಾದಿ
ನಮ್ಮ ಸಂಘದಿಂದ ನವೆಂಬರ್ 14ಕ್ಕೆ, ಅಂದರೆ ವಿಶ್ವ ಮಧುಮೇಹ ದಿನಕ್ಕೆ, ಒಂದು ಉಚಿತ ಶುಗರ್ ಕ್ಯಾಂಪ್ ಮಾಡೋಣ ಅಂತ ತೀರ್ಮಾನ ಆಗಿದೆ. ಬೆರಳು ಚುಚ್ಚಿ ನೋಡುವ ಮೆಷಿನ್, ಒಬ್ಬರು ಡಾಕ್ಟರ ಭಾಷಣ, ಕೈಗೊಂದು ಕರಪತ್ರ. ಸದ್ಯಕ್ಕೆ ಪ್ಲಾನ್ ಇಷ್ಟೇ. ಎಷ್ಟು ಮೆಷಿನ್ ಬೇಕಾಗುತ್ತದೆ? ಬರಿ ಹೊಟ್ಟೆಯಲ್ಲಿ ಬನ್ನಿ ಅಂತ ಹೇಳಬೇಕಾ? ಬಂದವರಿಗೆಲ್ಲ ಮಾಡಬೇಕಾ, ಇಲ್ಲ ವಯಸ್ಸು ನೋಡಬೇಕಾ? ಇಂಥ ಕೆಲಸ ಮಾಡಿ ಗೊತ್ತಿರುವವರು ದಯವಿಟ್ಟು ಹೇಳಿ.

ಸಂಜೆಗಾಳಿ
ನಾನು ಸಮುದಾಯ ಆರೋಗ್ಯ ವಿಭಾಗದಲ್ಲಿ ನರ್ಸ್. ಮೆಷಿನ್ ಲೆಕ್ಕ ಆಮೇಲೆ ಹಾಕೋಣ. ಮೊದಲು ಒಂದು ಪ್ರಶ್ನೆಗೆ ಉತ್ತರ ಕೊಡಿ: ಅವತ್ತು ಒಬ್ಬರಿಗೆ 240 ಬಂತು ಅಂತ ಇಟ್ಟುಕೊಳ್ಳಿ, ಮುಂದಿನ ವಾರ ಅವರಿಗೆ ಫೋನ್ ಮಾಡುವವರು ಯಾರು?

ಈ ಪ್ರಶ್ನೆಗೆ ಹೆಸರು ಸಮೇತ ಉತ್ತರ ಇಲ್ಲದಿದ್ದರೆ ಕ್ಯಾಂಪ್ ಮುಂದಕ್ಕೆ ಹಾಕಿ. ಸಿಟ್ಟಿನಿಂದ ಹೇಳುತ್ತಿಲ್ಲ. ನಾನು ನೋಡಿರುವ ಬಹುಪಾಲು ಕ್ಯಾಂಪ್‌ಗಳಲ್ಲಿ ಸಂಖ್ಯೆ ಬರೆದ ಚೀಟಿಯನ್ನು ಕೈಗೆ ಕೊಟ್ಟು "ಡಾಕ್ಟರಿಗೆ ತೋರಿಸಿ" ಅಂದರೆ ಕೆಲಸ ಮುಗಿಯಿತು. ಆ ಚೀಟಿ ಜೇಬಿನಲ್ಲೇ ಒಗೆದು ಹೋಗುತ್ತದೆ.

ಇನ್ನೊಂದು ವಿಷಯ. ಬೆರಳಿನ ಪರೀಕ್ಷೆಯಿಂದ ಕಾಯಿಲೆ ಇದೆ ಅಂತ ತೀರ್ಮಾನ ಮಾಡುವ ಹಾಗಿಲ್ಲ. ಮೆಷಿನ್‌ಗಳಿಗೆ ಅಂತಾರಾಷ್ಟ್ರೀಯ ಗುಣಮಟ್ಟವೇ ಶೇ. 15ರಷ್ಟು ಆಚೀಚೆ ಆಗಲು ಬಿಡುತ್ತದೆ. ಅಂದರೆ ನಿಜವಾಗಿ 126 ಇದ್ದವರಿಗೆ ಮೆಷಿನ್ 107 ತೋರಿಸಬಹುದು, 145 ಕೂಡ ತೋರಿಸಬಹುದು. ಮೆಷಿನ್ ಸರಿ ಇದ್ದಾಗಲೇ ಈ ಕಥೆ. ಅದಕ್ಕೇ ಲ್ಯಾಬ್‌ನಲ್ಲಿ ರಕ್ತನಾಳದಿಂದ ರಕ್ತ ತೆಗೆದು ಖಚಿತ ಮಾಡಿಕೊಳ್ಳಬೇಕು. ಬರಿ ಹೊಟ್ಟೆಯಲ್ಲಿ 126 ಅಥವಾ ಜಾಸ್ತಿ, ಇಲ್ಲವೇ ಎಚ್‌ಬಿಎ1ಸಿ, ಅಂದರೆ ಮೂರು ತಿಂಗಳ ಶುಗರ್ ಅಂತೀವಲ್ಲ ಅದು, 6.5 ಅಥವಾ ಜಾಸ್ತಿ. ಲಕ್ಷಣ ಏನೂ ಇಲ್ಲದವರಿಗೆ ಒಂದೇ ಪರೀಕ್ಷೆ ಸಾಲದು, ಎರಡನೇದು ಬೇಕು. ಮತ್ತೆ, ರಕ್ತಹೀನತೆ ಇರುವವರಲ್ಲಿ ಎಚ್‌ಬಿಎ1ಸಿ ದಾರಿ ತಪ್ಪಿಸುತ್ತದೆ, ಅದನ್ನೂ ಡಾಕ್ಟರಿಗೆ ನೆನಪಿಸಿ.

ಲೆಕ್ಕಾಚಾರ
ನಾನು ಇನ್ನೂ ಒಂದು ಹೆಜ್ಜೆ ಮುಂದೆ ಹೋಗುತ್ತೇನೆ. ಕ್ಯಾಂಪೇ ಬೇಡ.

ಇಂಗ್ಲೆಂಡಿನಲ್ಲಿ ಇದನ್ನು ಸರಿಯಾಗಿ ಅಳೆದು ನೋಡಿದ್ದಾರೆ. ಆಡಿಷನ್-ಕೇಂಬ್ರಿಜ್ ಅಂತ ಒಂದು ದೊಡ್ಡ ಪ್ರಯೋಗ, ಫಲಿತಾಂಶ ಬಂದಿದ್ದು 2012ರಲ್ಲಿ. ಸುಮಾರು 20 ಸಾವಿರ ಜನ, 40ರಿಂದ 69 ವಯಸ್ಸು, ಎಲ್ಲರೂ ಅಪಾಯ ಜಾಸ್ತಿ ಇರುವವರೇ. ಕೆಲವು ಕ್ಲಿನಿಕ್‌ಗಳ ಜನರನ್ನು ಕರೆದು ತಪಾಸಣೆ ಮಾಡಿದರು, ಕೆಲವು ಕ್ಲಿನಿಕ್‌ಗಳಲ್ಲಿ ಕರೆಯಲಿಲ್ಲ. ಹತ್ತು ವರ್ಷ ಹತ್ತಿರ ಕಾದು ನೋಡಿದರೆ ಸಾವಿನ ಪ್ರಮಾಣದಲ್ಲಿ ವ್ಯತ್ಯಾಸವೇ ಇಲ್ಲ. ಎಲ್ಲರನ್ನೂ ಸಾಲಾಗಿ ನಿಲ್ಲಿಸಿ ಚುಚ್ಚುವುದರಿಂದ ಫೋಟೋ ಚೆನ್ನಾಗಿ ಬರುತ್ತದೆ, ಅಷ್ಟೇ.

ಬಿಳಿಮೋಡ
ಪ್ರಯೋಗ ನಿಜ, ಆದರೆ ಅರ್ಧ ಹೇಳಿದಿರಿ. ಅಲ್ಲಿ ಎಲ್ಲರಿಗೂ ಒಬ್ಬ ಕುಟುಂಬ ವೈದ್ಯರು ಇರುತ್ತಾರೆ, ತಪಾಸಣೆಗೆ ಕರೆಯದ ಗುಂಪಿನಲ್ಲೂ ಕಾಯಿಲೆ ಸ್ವಲ್ಪ ತಡವಾಗಿ ಆದರೂ ಪತ್ತೆಯಾಗುತ್ತಿತ್ತು, ಔಷಧಿ ಸಿಗುತ್ತಿತ್ತು. ತಪಾಸಣೆಯಲ್ಲಿ ಸಿಕ್ಕವರು ಕೂಡ ಒಟ್ಟು ಜನರಲ್ಲಿ ಕಡಿಮೆಯೇ. ಹಾಗಾಗಿ ಒಟ್ಟು ಸಾವಿನ ಲೆಕ್ಕ ಅಲುಗಾಡಲಿಲ್ಲ. ವೈದ್ಯರ ಮುಖವನ್ನೇ ನೋಡದ ಜನ ಇರುವ ಕಡೆ ಲೆಕ್ಕ ಬೇರೆ ಆಗಬಹುದು. ಅಂತಾರಾಷ್ಟ್ರೀಯ ಮಧುಮೇಹ ಒಕ್ಕೂಟದ 2025ರ ಅಂದಾಜಿನ ಪ್ರಕಾರ ಜಗತ್ತಿನಲ್ಲಿ 20ರಿಂದ 79 ವಯಸ್ಸಿನ 58.9 ಕೋಟಿ ಜನರಿಗೆ ಮಧುಮೇಹ ಇದೆ. ಅವರಲ್ಲಿ ಹತ್ತರಲ್ಲಿ ನಾಲ್ವರಿಗೂ ಜಾಸ್ತಿ ಜನಕ್ಕೆ ಅದು ಗೊತ್ತೇ ಇಲ್ಲ. ಅವರನ್ನು ಹುಡುಕುವುದೇ ಬೇಡ ಅನ್ನೋಕೆ ಆಗುತ್ತಾ?

ಲೆಕ್ಕಾಚಾರ
ಹುಡುಕುವುದು ಬೇಡ ಅಂದಿಲ್ಲ. ಹುಡುಕಿ ಬಿಟ್ಟುಬಿಡುವುದು ಬೇಡ ಅಂದೆ. ಸಂಜೆಗಾಳಿ ಕೇಳಿದ ಪ್ರಶ್ನೆಯೇ ನನ್ನದೂ.

ಮೂರನೇಬೆಂಚು
ನನಗೆ ಟೈಪ್ 2 ಮಧುಮೇಹ, ಅಂದರೆ ದೊಡ್ಡವರಲ್ಲಿ ಸಾಮಾನ್ಯವಾಗಿ ಕಾಣುವ ಬಗೆ, ಇದೆ, ತುಂಬಾ ವರ್ಷ ಆಯಿತು. ರೋಗಿಯ ಕಡೆಯಿಂದ ಒಂದು ಮಾತು ಹೇಳುತ್ತೇನೆ, ಬೇಜಾರು ಮಾಡ್ಕೋಬೇಡಿ. ಈ ಕ್ಯಾಂಪ್‌ಗಳಿಗೆ ಹೋದರೆ ಪ್ರತಿ ಸಲ ಅದೇ ಭಾಷಣ. ತಿನ್ನೋದು ಕಡಿಮೆ ಮಾಡಿ, ನಡೀರಿ, ಟೆನ್ಷನ್ ಬಿಡಿ. ಕೊನೆಗೆ ತಪ್ಪೆಲ್ಲ ನಮ್ಮದೇ ಅನ್ನುವ ಹಾಗೆ ಒಂದು ನೋಟ. ಎರಡು ಪಾಳಿ ಕೆಲಸ ಮಾಡಿ, ನಿಂತುಕೊಂಡೇ ಬಸ್ಸಿನಲ್ಲಿ ಬಂದು, ಕತ್ತಲಾದ ಮೇಲೆ ಮನೆ ಸೇರುವ ಮನುಷ್ಯ ಎಲ್ಲಿ ನಡೆಯಬೇಕು? ಫುಟ್‌ಪಾತ್ ಇಲ್ಲ, ಇದ್ದರೆ ದೀಪ ಇಲ್ಲ. ಒಂದು ಕ್ಯಾಂಪಿನಲ್ಲಿ ನನ್ನ ಶುಗರ್ ಎಷ್ಟು ಅಂತ ಮೈಕಿನಲ್ಲಿ ಕೇಳಿಸುವಷ್ಟು ಜೋರಾಗಿ ಓದಿದರು. ಅವತ್ತಿನಿಂದ ನಾನು ಯಾವ ಕ್ಯಾಂಪಿಗೂ ಹೋಗಿಲ್ಲ.

ಬಿಳಿಮೋಡ
ನೀವು ಹೇಳಿದ್ದಕ್ಕೆ ಆಧಾರ ಇದೆ. ಅಮೆರಿಕದಲ್ಲಿ 1990ರ ದಶಕದಲ್ಲಿ ಒಂದು ಯೋಜನೆ ಮಾಡಿದ್ದರು. ತೀರಾ ಬಡ ಬಡಾವಣೆಗಳಲ್ಲಿದ್ದ ಕುಟುಂಬಗಳನ್ನು ಲಾಟರಿ ಎತ್ತಿ ಆರಿಸಿ, ಕೆಲವರಿಗೆ ಅನುಕೂಲ ಇರುವ ಬಡಾವಣೆಗೆ ಮನೆ ಬದಲಿಸಲು ವೋಚರ್ ಕೊಟ್ಟರು. ಶುಗರ್ ಬಗ್ಗೆ ಪಾಠ ಇಲ್ಲ, ಡಯಟ್ ಚೀಟಿ ಇಲ್ಲ. ಹತ್ತಕ್ಕೂ ಹೆಚ್ಚು ವರ್ಷ ಆದ ಮೇಲೆ ಅಲ್ಲಿನ ಹೆಂಗಸರನ್ನು ಪರೀಕ್ಷೆ ಮಾಡಿದರೆ, ವೋಚರ್ ಸಿಕ್ಕ ಗುಂಪಿನಲ್ಲಿ ತೀವ್ರ ಬೊಜ್ಜೂ ಕಡಿಮೆ, ಮಧುಮೇಹವೂ ಕಡಿಮೆ. 2011ರಲ್ಲಿ ಪ್ರಕಟವಾಯಿತು. ಮನಸ್ಸು ಗಟ್ಟಿ ಮಾಡಿ ಅಂತ ಯಾರಿಗೂ ಯಾರೂ ಹೇಳಿರಲಿಲ್ಲ. ವಿಳಾಸ ಬದಲಾಯಿತು, ಅಷ್ಟೇ.

ಹೊಸಹಾದಿ
ಇದೆಲ್ಲ ಸರಿ. ಆದರೆ ಸಂಘದವರು ಯಾರ ವಿಳಾಸವನ್ನೂ ಬದಲಿಸಲು ಆಗಲ್ಲ ಅಲ್ವಾ. ನಮ್ಮ ಕೈಯಲ್ಲಿ ಆಗುವುದು ಏನು? ತಡೆಯುವುದಕ್ಕೆ ನಿಜವಾಗಲೂ ಏನಾದರೂ ಕೆಲಸ ಮಾಡುತ್ತದಾ, ಅಥವಾ ಇದೆಲ್ಲ ಸುಮ್ನೆ ಸಮಾಧಾನಕ್ಕಾ?

ಬಿಳಿಮೋಡ
ಕೆಲಸ ಮಾಡುತ್ತದೆ. ವೈದ್ಯಶಾಸ್ತ್ರದಲ್ಲಿ ಇಷ್ಟು ಗಟ್ಟಿ ಪುರಾವೆ ಇರುವ ವಿಷಯಗಳು ಕಡಿಮೆ.

ಮೊದಲು ಚೀನಾದ ಡಾಚಿಂಗ್ ಊರು. 1986ರಲ್ಲಿ ಶುರು. ಗಡಿಯಲ್ಲಿದ್ದ, ಅಂದರೆ ಇನ್ನೂ ಕಾಯಿಲೆ ಬಂದಿರದ 577 ಜನ. ಊಟ, ವ್ಯಾಯಾಮ, ಎರಡೂ ಸೇರಿಸಿ, ಹೀಗೆ ಬೇರೆ ಬೇರೆ ಗುಂಪು. ಆರು ವರ್ಷ ಮಾತ್ರ ಮಾರ್ಗದರ್ಶನ ಕೊಟ್ಟು ನಿಲ್ಲಿಸಿದರು. 30 ವರ್ಷ ಆದ ಮೇಲೆ ಹೋಗಿ ನೋಡಿದರೆ, ಮಾರ್ಗದರ್ಶನ ಸಿಕ್ಕವರಿಗೆ ಮಧುಮೇಹ ಸರಾಸರಿ ನಾಲ್ಕು ವರ್ಷ ತಡವಾಗಿ ಬಂದಿತ್ತು. ಹೃದಯ ರಕ್ತನಾಳದ ಕಾಯಿಲೆಯಿಂದ ಆಗುವ ಸಾವು ಮೂರರಲ್ಲಿ ಒಂದು ಪಾಲು ಕಡಿಮೆ.

ಆಮೇಲೆ ಫಿನ್‌ಲ್ಯಾಂಡ್ 2001ರಲ್ಲಿ, ಅಮೆರಿಕ 2002ರಲ್ಲಿ. ಎರಡೂ ಕಡೆ ಹೊಸದಾಗಿ ಮಧುಮೇಹ ಬರುವುದರಲ್ಲಿ ಶೇ. 58ರಷ್ಟು ಇಳಿಕೆ. ಅಮೆರಿಕದಲ್ಲಿ 3,234 ಜನ ಇದ್ದರು. ಗುರಿ ದೊಡ್ಡದೇನೂ ಅಲ್ಲ: ತೂಕ ಶೇ. 7 ಇಳಿಸಿ, ವಾರಕ್ಕೆ 150 ನಿಮಿಷ ಚುರುಕಾಗಿ ನಡೆಯಿರಿ. ಮೆಟ್‌ಫಾರ್ಮಿನ್ ಅನ್ನುವ ಶುಗರ್ ಮಾತ್ರೆ ಕೊಟ್ಟ ಗುಂಪಿನಲ್ಲಿ ಇಳಿಕೆ ಶೇ. 31. ಅಂದರೆ ನಡಿಗೆ ಮತ್ತು ಊಟ ಮಾತ್ರೆಯನ್ನು ಹಿಂದೆ ಹಾಕಿತು. 2006ರಲ್ಲಿ ಭಾರತದ ಪ್ರಯೋಗವೂ ಬಂತು, ಅಲ್ಲಿ ಜೀವನಶೈಲಿ ಗುಂಪಿನಲ್ಲಿ ಶೇ. 28.5 ಇಳಿಕೆ.

ಲೆಕ್ಕಾಚಾರ
ಅಮೆರಿಕದ ಆ 58ರ ಹಿಂದೆ ಏನಿತ್ತು ಅಂತಲೂ ಹೇಳಿ. ಪ್ರತಿಯೊಬ್ಬರಿಗೂ ಒಬ್ಬ ಕೋಚ್, ಆರು ತಿಂಗಳಲ್ಲಿ ಒಬ್ಬೊಬ್ಬರ ಜೊತೆ ಕೂತು 16 ಪಾಠ, ಆಮೇಲೂ ತಿಂಗಳು ತಿಂಗಳು ಸಂಪರ್ಕ. ಅಷ್ಟು ದುಡ್ಡು, ಅಷ್ಟು ಜನ ಯಾವ ಸಂಘಕ್ಕೆ ಇರುತ್ತದೆ? ಕರಪತ್ರ ಹಂಚಿ ಶೇ. 58 ಇಳಿಸಿದವರು ಭೂಮಿ ಮೇಲೆ ಯಾರೂ ಇಲ್ಲ.

ಬಿಳಿಮೋಡ
ಒಪ್ಪಿದೆ. ಅದಕ್ಕೇ ಮುಂದಿನ ಪ್ರಯತ್ನಗಳೆಲ್ಲ ಅದನ್ನು ಅಗ್ಗ ಮಾಡುವುದು ಹೇಗೆ ಅನ್ನುವುದರ ಮೇಲೆ. ಅದೇ ಪಾಠವನ್ನು ಗುಂಪಿನಲ್ಲಿ, ವೈಎಂಸಿಎ ಅನ್ನುವ ಸಮುದಾಯ ಸಂಸ್ಥೆಯ ಸಿಬ್ಬಂದಿಯಿಂದ ಹೇಳಿಸಿ ನೋಡಿದರು. ಅವರು ಡಾಕ್ಟರೂ ಅಲ್ಲ, ನರ್ಸೂ ಅಲ್ಲ. ಜನ ಸರಾಸರಿ ಶೇ. 6 ತೂಕ ಇಳಿಸಿದರು. ಭಾರತದಲ್ಲಿ 537 ಗಂಡಸರಿಗೆ ಮೊಬೈಲ್ ಮೆಸೇಜ್ ಕಳಿಸಿದ ಪ್ರಯೋಗ 2013ರಲ್ಲಿ ಬಂತು. ಎರಡು ವರ್ಷದಲ್ಲಿ ಮಾಮೂಲಿ ಸಲಹೆ ಪಡೆದವರಲ್ಲಿ ಶೇ. 27 ಜನರಿಗೆ ಮಧುಮೇಹ ಬಂತು, ಮೆಸೇಜ್ ಪಡೆದವರಲ್ಲಿ ಶೇ. 18. ಬರೀ ಮೆಸೇಜ್‌ಗೆ ಇಷ್ಟಾ ಅಂತ ನನಗೂ ಆಶ್ಚರ್ಯ ಆಗಿತ್ತು. ಒಂದು ನೆನಪಿಡಿ, ಎಲ್ಲರಿಗೂ ಶುರುವಿನಲ್ಲಿ ಒಮ್ಮೆ ಸರಿಯಾದ ಸಲಹೆ ಕೊಟ್ಟಿದ್ದರು. ಮೆಸೇಜ್‌ಗಳು ಕೂಡ ಗುಡ್ ಮಾರ್ನಿಂಗ್ ಫಾರ್ವರ್ಡ್ ಅಲ್ಲ, ಆ ಮನುಷ್ಯ ಬದಲಾಗಲು ಎಷ್ಟು ತಯಾರಿದ್ದಾನೆ ಅಂತ ನೋಡಿ ಕಳಿಸುತ್ತಿದ್ದರು.

ಸೋಲನ್ನೂ ಹೇಳಬೇಕು. ಕೇರಳದಲ್ಲಿ ಅಕ್ಕಪಕ್ಕದವರೇ ಮುಂದಾಳುಗಳಾಗಿ ನಡೆಸಿದ ಗುಂಪುಗಳ ಪ್ರಯೋಗದಲ್ಲಿ, 2018ರಲ್ಲಿ ಬಂದ ಫಲಿತಾಂಶ ನೋಡಿದರೆ, ಮಧುಮೇಹ ಸ್ವಲ್ಪ ಕಡಿಮೆ ಅನಿಸಿತು, ಆದರೆ ಲೆಕ್ಕದಲ್ಲಿ ನಿಲ್ಲುವಷ್ಟು ಅಲ್ಲ. ತಂಬಾಕು, ಕುಡಿತ ಮಾತ್ರ ಇಳಿದಿತ್ತು. ಅದೂ ಸಣ್ಣದಲ್ಲ.

ಗಾಳಿಪಟ77
ಇಷ್ಟೆಲ್ಲ ಯಾಕೆ? ನಮ್ಮ ಪರಿಚಯದವರು ಒಂದು ಪುಡಿ ತಗೊಂಡು ಶುಗರ್ ಪೂರ್ತಿ ವಾಸಿ ಮಾಡಿಕೊಂಡರು. ಮಾತ್ರೆ ಕಂಪನಿಗಳು ಇದನ್ನು ಹೇಳಲ್ಲ.

ಸಂಜೆಗಾಳಿ
ಪುಡಿ ನಂಬಿ ಇನ್ಸುಲಿನ್ ನಿಲ್ಲಿಸಿದವರನ್ನು ಐಸಿಯುನಲ್ಲಿ ನೋಡಿದ್ದೇನೆ, ಅದಕ್ಕೇ ಸ್ವಲ್ಪ ಗಡುಸಾಗಿ ಹೇಳುತ್ತೇನೆ. ಟೈಪ್ 2 ಕೆಲವರಲ್ಲಿ ಹಿಂದೆ ಸರಿಯುತ್ತದೆ, ಅದು ಗುಟ್ಟೇನಲ್ಲ. ಬ್ರಿಟನ್ನಿನ ಡೈರೆಕ್ಟ್ ಪ್ರಯೋಗ 2017ರಲ್ಲೇ ತೋರಿಸಿದೆ: ಕಟ್ಟುನಿಟ್ಟಾಗಿ ತೂಕ ಇಳಿಸಿದ ಗುಂಪಿನಲ್ಲಿ ಒಂದು ವರ್ಷಕ್ಕೆ ಶೇ. 46 ಜನ ಮಾತ್ರೆ ಇಲ್ಲದೆ ಮಧುಮೇಹದ ಮಟ್ಟದಿಂದ ಕೆಳಗೆ ಇದ್ದರು. ಎರಡನೇ ವರ್ಷಕ್ಕೆ ಅದು 36ಕ್ಕೆ ಇಳಿಯಿತು. ಅವರೆಲ್ಲ ಕಾಯಿಲೆ ಬಂದು ಆರು ವರ್ಷದ ಒಳಗಿನವರು, ಇನ್ಸುಲಿನ್ ತಗೊಳ್ಳದವರು, ಮತ್ತೆ ತಂಡದ ನಿಗಾದಲ್ಲಿ ಇದ್ದವರು. ತೂಕ ವಾಪಸ್ ಬಂದರೆ ಶುಗರ್ ಕೂಡ ವಾಪಸ್. ಹಾಗಾಗಿ ವಾಸಿ ಆಯಿತು ಅಂತ ಪರೀಕ್ಷೆ ಬಿಡಬಾರದು. ಪುಡಿಯ ಪ್ರಚಾರ ಇಲ್ಲಿ ಬೇಡ.

ಟೈಪ್‌ಒನ್‌ಅಮ್ಮ
ಧನ್ಯವಾದ, ಇನ್ಸುಲಿನ್ ಮಾತು ಎತ್ತಿದ್ದಕ್ಕೆ. ಇಷ್ಟು ಹೊತ್ತು ಓದಿದೆ. ಎಲ್ಲರೂ ತೂಕ, ನಡಿಗೆ ಅಂತಲೇ ಮಾತಾಡುತ್ತಿದ್ದೀರಿ. ನನ್ನ ಮಗಳಿಗೆ ಟೈಪ್ 1. ಅದು ತಿಂದಿದ್ದರಿಂದ ಬಂದಿದ್ದಲ್ಲ, ನಡೆದರೆ ಹೋಗುವುದೂ ಇಲ್ಲ. ದೇಹದ ರಕ್ಷಣಾ ವ್ಯವಸ್ಥೆಯೇ ಇನ್ಸುಲಿನ್ ಮಾಡುವ ಕೋಶಗಳನ್ನು ನಾಶ ಮಾಡಿಬಿಡುತ್ತದೆ. ಶಾಲೆಯಲ್ಲಿ "ತುಂಬಾ ಸಿಹಿ ತಿಂದೆಯಾ" ಅಂತ ಟೀಚರೇ ಕೇಳಿದ್ದರು.

ನಿಮ್ಮ ಕರಪತ್ರದಲ್ಲಿ ನಾಲ್ಕು ಸಾಲು ನಮಗೂ ಕೊಡಿ. ಮಗುವಿಗೆ ಇದ್ದಕ್ಕಿದ್ದ ಹಾಗೆ ಬಾಯಾರಿಕೆ ಜಾಸ್ತಿ ಆದರೆ, ಪದೇ ಪದೇ ಮೂತ್ರಕ್ಕೆ ಹೋದರೆ, ರಾತ್ರಿ ಹಾಸಿಗೆ ಒದ್ದೆ ಮಾಡುವುದು ಬಿಟ್ಟಿದ್ದ ಮಗು ಮತ್ತೆ ಶುರು ಮಾಡಿದರೆ, ತೂಕ ಇಳಿದರೆ, ಸುಸ್ತಾದರೆ, ಅವತ್ತೇ ಶುಗರ್ ನೋಡಿಸಿ. ವಾಂತಿ, ಹೊಟ್ಟೆನೋವು, ಉಸಿರಿನಲ್ಲಿ ಹಣ್ಣಿನಂಥ ವಾಸನೆ, ಏದುಸಿರು ಬಂದರೆ ನೇರ ತುರ್ತು ಚಿಕಿತ್ಸೆಗೆ. ಇದನ್ನು ಹೊಟ್ಟೆಯ ಇನ್ಫೆಕ್ಷನ್ ಅಂತ ತಿಳಿದು ಕಾದು ಕೂತ ಮನೆಗಳು ಬಹಳ ಇವೆ.

ಇನ್ನೊಂದು. 1922ರ ಜನವರಿಯಲ್ಲಿ ಟೊರಾಂಟೊದಲ್ಲಿ ಮೊದಲ ಬಾರಿ ಒಬ್ಬ ಹುಡುಗನಿಗೆ ಇನ್ಸುಲಿನ್ ಕೊಟ್ಟರು. ಅದರ ಪೇಟೆಂಟನ್ನು ವಿಶ್ವವಿದ್ಯಾಲಯಕ್ಕೆ ಬರೀ ಒಂದೊಂದು ಡಾಲರಿಗೆ ಬರೆದುಕೊಟ್ಟರು. ನೂರು ವರ್ಷ ಕಳೆದರೂ ಇನ್ಸುಲಿನ್ ಸಿಗದೆ ಮಕ್ಕಳು ಸಾಯುತ್ತಾರೆ. ನವೆಂಬರ್ 14 ಯಾಕೆ ಅಂತ ಯಾರಾದರೂ ವೇದಿಕೆ ಮೇಲೆ ಹೇಳುತ್ತಾರಾ? ಅದು ಇನ್ಸುಲಿನ್ ಕಂಡುಹಿಡಿದವರಲ್ಲಿ ಒಬ್ಬರಾದ ಫ್ರೆಡರಿಕ್ ಬ್ಯಾಂಟಿಂಗ್ ಹುಟ್ಟಿದ ದಿನ.

ಹೊಸಹಾದಿ
ಖಂಡಿತ ಹಾಕುತ್ತೇವೆ. ನಮ್ಮ ಪಟ್ಟಿಯಲ್ಲಿ ಮಕ್ಕಳ ವಿಷಯವೇ ಇರಲಿಲ್ಲ.

ಲೆಕ್ಕಾಚಾರ
ಸರ್ಕಾರಗಳ ಕೆಲಸವನ್ನು ಸಂಘಗಳ ತಲೆಗೆ ಕಟ್ಟುವುದು ನನಗೆ ಸರಿ ಕಾಣಲ್ಲ, ಅದನ್ನೂ ಇಲ್ಲೇ ಹೇಳಿಬಿಡುತ್ತೇನೆ. ಮೆಕ್ಸಿಕೊ 2014ರಲ್ಲಿ ಸಿಹಿ ಪಾನೀಯಗಳ ಮೇಲೆ ಲೀಟರಿಗೆ ಒಂದು ಪೆಸೊ ತೆರಿಗೆ ಹಾಕಿತು. ಮೊದಲ ವರ್ಷದಲ್ಲೇ ಖರೀದಿ ಸರಾಸರಿ ಶೇ. 6 ಇಳಿಯಿತು, ವರ್ಷದ ಕೊನೆಗೆ ಶೇ. 12. ಚಿಲಿ 2016ರಲ್ಲಿ ಪೊಟ್ಟಣಗಳ ಮೇಲೆ ಕಪ್ಪು ಎಂಟು ಮೂಲೆಯ ಎಚ್ಚರಿಕೆ ಗುರುತು ತಂದಿತು. ಬ್ರಿಟನ್ 2018ರಲ್ಲಿ ಇನ್ನೂ ಜಾಣತನ ಮಾಡಿತು. ಸಕ್ಕರೆ ಪ್ರಮಾಣ ನೋಡಿ ತೆರಿಗೆಯ ಹಂತ ಮಾಡಿದರು, ಅದೂ ಎರಡು ವರ್ಷ ಮೊದಲೇ ಘೋಷಿಸಿ. ಕಂಪನಿಗಳು ತೆರಿಗೆ ತಪ್ಪಿಸಲು ತಾವಾಗಿಯೇ ಸಕ್ಕರೆ ಇಳಿಸಿದವು. ಕುಡಿಯುವವನಿಗೆ ಗೊತ್ತೇ ಆಗದ ಹಾಗೆ ಸಕ್ಕರೆ ಕಡಿಮೆ ಆಯಿತು. ಭಾಷಣ ಬೇಕಾಗಲೇ ಇಲ್ಲ.

ಮೂರನೇಬೆಂಚು
ತೆರಿಗೆ ಹಾಕಿದರೆ ಹೊಡೆತ ಬೀಳುವುದು ಬಡವರಿಗೇ ಅಲ್ವಾ?

ಬಿಳಿಮೋಡ
ತೆರಿಗೆಯ ಹೊರೆ ಹೌದು, ಅವರಿಗೆ ಜಾಸ್ತಿ. ಕಾಯಿಲೆಯ ಹೊರೆಯೂ ಅವರಿಗೇ ಜಾಸ್ತಿ. ಬಂದ ದುಡ್ಡು ಎಲ್ಲಿಗೆ ಹೋಗುತ್ತದೆ ಅನ್ನುವುದರ ಮೇಲೆ ನ್ಯಾಯ ನಿಂತಿದೆ ಅಂತ ನನ್ನ ಅಭಿಪ್ರಾಯ.

ಸಕ್ಕರೆ ವಿಷಯ ಬಂದಿದ್ದಕ್ಕೆ ಇದನ್ನೂ ಹೇಳುತ್ತೇನೆ. ಎರಡನೇ ಮಹಾಯುದ್ಧದ ಕಾಲದಿಂದ ಬ್ರಿಟನ್ನಿನಲ್ಲಿ ಸಕ್ಕರೆಗೆ ರೇಷನ್ ಇತ್ತು. 1953ರ ಸೆಪ್ಟೆಂಬರಿನಲ್ಲಿ ತೆಗೆದರು, ಜನ ತಿನ್ನುವ ಸಕ್ಕರೆ ಹೆಚ್ಚೂಕಡಿಮೆ ಎರಡು ಪಟ್ಟಾಯಿತು. ಸ್ವಲ್ಪ ಮೊದಲು ಹುಟ್ಟಿದವರನ್ನೂ ಆಮೇಲೆ ಹುಟ್ಟಿದವರನ್ನೂ ಹೋಲಿಸಿ 2024ರಲ್ಲಿ ಒಂದು ಅಧ್ಯಯನ ಬಂತು. ಗರ್ಭದಲ್ಲಿ ಇದ್ದಾಗ ಮತ್ತು ಮೊದಲ ಎರಡು ವರ್ಷ ರೇಷನ್ ಕಂಡವರಲ್ಲಿ ಟೈಪ್ 2 ಮಧುಮೇಹದ ಅಪಾಯ ಸುಮಾರು ಶೇ. 35 ಕಡಿಮೆ. ಬಂದವರಿಗೂ ನಾಲ್ಕು ವರ್ಷ ತಡವಾಗಿ ಬಂತು. ಎಪ್ಪತ್ತು ವರ್ಷದ ಹಿಂದಿನ ಹಾಲುಗಲ್ಲದ ವಯಸ್ಸು ಇವತ್ತಿನ ರಿಪೋರ್ಟಿನಲ್ಲಿ ಕಾಣುತ್ತಿದೆ. ಹಾಗಾಗಿ ಕ್ಯಾಂಪಿಗೆ ಗರ್ಭಿಣಿಯರನ್ನು, ಹಿಂದೆ ಗರ್ಭಾವಸ್ಥೆಯಲ್ಲಿ ಶುಗರ್ ಬಂದು ಹೋಗಿದ್ದ ಹೆಂಗಸರನ್ನು ಮರೆಯಬೇಡಿ. ಹೆರಿಗೆ ಆದ ಮೇಲೆ ಶುಗರ್ ಹೋಯಿತು ಅಂತ ಎಲ್ಲರೂ ಬಿಟ್ಟುಬಿಡುತ್ತಾರೆ. ಮುಂದೆ ಟೈಪ್ 2 ಬರುವ ಅಪಾಯ ಅವರಿಗೆ ಉಳಿದವರಿಗಿಂತ ಹಲವು ಪಟ್ಟು ಜಾಸ್ತಿ.

ಸಂಜೆಗಾಳಿ
ಈಗ ಕ್ಯಾಂಪ್ ದಿನದ ಕೆಲಸಕ್ಕೆ ಬರೋಣ. ಹೊಸಹಾದಿ, ಬರೆದುಕೊಳ್ಳಿ.

ಬೆರಳು ಚುಚ್ಚುವ ಮೊದಲು ಸೋಪು ಹಾಕಿ ಕೈ ತೊಳೆಸಿ, ಪೂರ್ತಿ ಒರೆಸಿ. ಹಣ್ಣು ಮುಟ್ಟಿದ ಕೈಯಲ್ಲಿ ಮೆಷಿನ್ ನೂರು ಇನ್ನೂರು ಜಾಸ್ತಿ ತೋರಿಸಿಬಿಡಬಹುದು. ಬೆರಳ ತುದಿಯ ಮಧ್ಯ ಬೇಡ, ಪಕ್ಕದಲ್ಲಿ ಚುಚ್ಚಿ, ನೋವು ಕಡಿಮೆ. ಸೂಜಿ ಒಬ್ಬರಿಗೆ ಒಂದೇ ಸಲ. ಚುಚ್ಚುವ ಪೆನ್ ಕೂಡ ಹಂಚಿಕೊಳ್ಳುವ ಹಾಗಿಲ್ಲ, ಅದರಿಂದ ಹೆಪಟೈಟಿಸ್ ಬಿ ಹರಡಿದ ಉದಾಹರಣೆಗಳಿವೆ, ಒಮ್ಮೆ ಚುಚ್ಚಿದರೆ ಲಾಕ್ ಆಗುವ ಸೂಜಿಯೇ ತರಿಸಿ. ಸ್ಟ್ರಿಪ್ ಡಬ್ಬಿ ಬಿಸಿಲಿಗೆ ಇಡಬೇಡಿ, ಮುಚ್ಚಳ ತೆರೆದಿಡಬೇಡಿ.

ಶುಗರ್ ಜೊತೆ ಬಿ.ಪಿ. ನೋಡಲೇಬೇಕು. ಡೆನ್ಮಾರ್ಕಿನಲ್ಲಿ ಸ್ಟೆನೊ-2 ಅಂತ ಒಂದು ಪ್ರಯೋಗ, ಬರೀ 160 ರೋಗಿಗಳು. ಅರ್ಧ ಜನರಿಗೆ ಶುಗರ್, ಬಿ.ಪಿ., ಕೊಲೆಸ್ಟ್ರಾಲ್, ಸಿಗರೇಟು ಎಲ್ಲವನ್ನೂ ಒಟ್ಟಿಗೆ ಹಿಡಿದು ಚಿಕಿತ್ಸೆ ಕೊಟ್ಟರು. ಇಪ್ಪತ್ತೊಂದು ವರ್ಷ ಕಳೆದ ಮೇಲೆ ಲೆಕ್ಕ ಹಾಕಿದರೆ ಅವರು ಸುಮಾರು ಎಂಟು ವರ್ಷ ಜಾಸ್ತಿ ಬದುಕಿದ್ದರು.

ಆಮೇಲೆ ಕಾಲು. ಇದಕ್ಕೆ ಮೆಷಿನ್ ಬೇಡ, ದುಡ್ಡೂ ಬೇಡ. ಈಗಾಗಲೇ ಮಧುಮೇಹ ಇರುವವರನ್ನು ಕೂರಿಸಿ, ಚಪ್ಪಲಿ ಸಾಕ್ಸು ಬಿಚ್ಚಿಸಿ, ಕಣ್ಣು ಮುಚ್ಚಲು ಹೇಳಿ. ನಿಮ್ಮ ತೋರುಬೆರಳಿನ ತುದಿಯಿಂದ ಹೆಬ್ಬೆರಳು, ಮಧ್ಯದ ಬೆರಳು, ಕಿರುಬೆರಳಿನ ತುದಿ ಮುಟ್ಟಿ. ಒಂದೆರಡು ಸೆಕೆಂಡು, ಹಗುರಾಗಿ. ಒತ್ತಬಾರದು, ತಟ್ಟಬಾರದು, ಸವರಬಾರದು. ಎರಡೂ ಕಾಲು ಸೇರಿ ಆರು ಜಾಗ. ಮುಟ್ಟಿದಾಗ "ಎಡ" ಅಥವಾ "ಬಲ" ಅಂತ ಅವರು ಹೇಳಬೇಕು. ಎರಡು ಅಥವಾ ಹೆಚ್ಚು ಜಾಗ ಗೊತ್ತಾಗದಿದ್ದರೆ ನರದ ಸ್ಪರ್ಶ ಹೋಗಿದೆ ಅಂತ ಅನುಮಾನ, ಕಾಲಿನ ತಪಾಸಣೆಗೆ ಕಳಿಸಿ. ಇಂಗ್ಲೆಂಡಿನ ಇಪ್ಸ್‌ವಿಚ್ ಊರಿನ ಆಸ್ಪತ್ರೆಯಲ್ಲಿ ಹುಟ್ಟಿದ ಪರೀಕ್ಷೆ ಇದು, ಇಪ್ಸ್‌ವಿಚ್ ಟಚ್ ಟೆಸ್ಟ್ ಅಂತಲೇ ಹೆಸರು. ಮನೆಯವರೂ ಕಲಿತುಕೊಳ್ಳಬಹುದು. ಕಾಲಿನಲ್ಲಿ ಮೊಳೆ ಹೊಕ್ಕರೂ ಗೊತ್ತಾಗದೆ ವಾರಗಟ್ಟಲೆ ಓಡಾಡಿದವರನ್ನು ನೋಡಿದ ಮೇಲೆ ನನಗೆ ಈ ಆರು ಬೆರಳಿನ ಪರೀಕ್ಷೆ ಮೇಲೆ ಬಹಳ ನಂಬಿಕೆ.

ಕಣ್ಣು ಕೂಡ. ವರ್ಷಕ್ಕೊಮ್ಮೆ ಕಣ್ಣಿನ ಹಿಂಭಾಗದ ಫೋಟೋ ತೆಗೆದು ನೋಡಬೇಕು. ದೃಷ್ಟಿ ಚೆನ್ನಾಗಿದೆ ಅಂತ ಕಾಯುವ ಹಾಗಿಲ್ಲ. ಇಂಗ್ಲೆಂಡಿನಲ್ಲಿ ಇದನ್ನು ದೇಶದ ಉದ್ದಗಲಕ್ಕೂ ಮಾಡಿದರು. 2014ರಲ್ಲಿ ಬಂದ ವರದಿ ಪ್ರಕಾರ, ಇಂಗ್ಲೆಂಡ್ ಮತ್ತು ವೇಲ್ಸ್‌ನಲ್ಲಿ ದುಡಿಯುವ ವಯಸ್ಸಿನವರ ಕುರುಡುತನಕ್ಕೆ ಮಧುಮೇಹ ಮೊದಲ ಕಾರಣ ಆಗಿ ಉಳಿದಿಲ್ಲ, ಕನಿಷ್ಠ ಐದು ದಶಕದಲ್ಲಿ ಇದೇ ಮೊದಲು. ತಪಾಸಣೆ ವ್ಯರ್ಥ ಅನ್ನುವ ಲೆಕ್ಕಾಚಾರ ಅವರು ಇದನ್ನು ಸ್ವಲ್ಪ ಗಮನಿಸಬೇಕು.

ಲೆಕ್ಕಾಚಾರ
ಗಮನಿಸಿದೆ. ಅಲ್ಲಿ ಫೋಟೋ ಆದ ಮೇಲೆ ಪತ್ರ ಬರುತ್ತದೆ, ಅಪಾಯಿಂಟ್‌ಮೆಂಟ್ ಸಿಗುತ್ತದೆ, ಕಣ್ಣಿಗೆ ಲೇಸರ್ ಚಿಕಿತ್ಸೆ ಆಗುತ್ತದೆ. ನಾನು ಹೇಳುತ್ತಿರುವುದೂ ಅದನ್ನೇ, ಸರಪಳಿ ಪೂರ್ತಿ ಇರಲಿ ಅಂತ. ವಿಶ್ವ ಆರೋಗ್ಯ ಸಂಸ್ಥೆ 2030ಕ್ಕೆ ಇಟ್ಟಿರುವ ಗುರಿಗಳೂ ಹಾಗೇ ಇವೆ. ಮಧುಮೇಹ ಇರುವವರಲ್ಲಿ ಶೇ. 80 ಜನರಿಗೆ ಪತ್ತೆ ಆಗಬೇಕು. ಪತ್ತೆಯಾದವರಲ್ಲಿ ಶೇ. 80 ಜನರ ಶುಗರ್ ಹಿಡಿತದಲ್ಲಿರಬೇಕು, ಶೇ. 80 ಜನರ ಬಿ.ಪಿ. ಕೂಡ. 40 ದಾಟಿದವರಲ್ಲಿ ಶೇ. 60 ಜನರಿಗೆ ಸ್ಟ್ಯಾಟಿನ್, ಅಂದರೆ ಕೊಲೆಸ್ಟ್ರಾಲ್ ಇಳಿಸುವ ಮಾತ್ರೆ. ಟೈಪ್ 1 ಇರುವ ಎಲ್ಲರಿಗೂ ಕೈಗೆಟುಕುವ ಇನ್ಸುಲಿನ್ ಮತ್ತು ಮನೆಯಲ್ಲೇ ಶುಗರ್ ನೋಡಿಕೊಳ್ಳುವ ಅನುಕೂಲ. ಐದರಲ್ಲಿ ಪತ್ತೆ ಒಂದೇ ಒಂದು.

ಹೊಸಹಾದಿ
ಇವತ್ತು ಸಂಜೆ ಸಂಘದಲ್ಲಿ ಮಾತಾಡಿದೆವು. ಪ್ಲಾನ್ ಬದಲಾಗಿದೆ. ಶಾಮಿಯಾನ, ವೇದಿಕೆ, ಸನ್ಮಾನ ಎಲ್ಲ ತೆಗೆದುಹಾಕಿದೆವು, ಒಬ್ಬರು ಸಿಟ್ಟು ಮಾಡಿಕೊಂಡು ಎದ್ದು ಹೋದರು. ಬಂದವರಿಗೆಲ್ಲ ಚುಚ್ಚುವ ಬದಲು ಮೊದಲು ಪ್ರಶ್ನೆ ಕೇಳುತ್ತೇವೆ: ವಯಸ್ಸು, ಸೊಂಟದ ಸುತ್ತಳತೆ, ಮನೆಯಲ್ಲಿ ಯಾರಿಗಾದರೂ ಇದೆಯಾ, ಎಷ್ಟು ಓಡಾಡುತ್ತಾರೆ, ಗರ್ಭಾವಸ್ಥೆಯಲ್ಲಿ ಶುಗರ್ ಇತ್ತಾ. ಅಪಾಯ ಕಂಡವರಿಗೆ ಪರೀಕ್ಷೆ. ಸಂಖ್ಯೆ ಜಾಸ್ತಿ ಬಂದವರಿಗೆ ಲ್ಯಾಬ್ ಪರೀಕ್ಷೆಯ ದಿನ ಅಲ್ಲೇ ಗೊತ್ತು ಮಾಡಿ ಕಳಿಸುತ್ತೇವೆ, ಹತ್ತಿರದ ಸರ್ಕಾರಿ ಆಸ್ಪತ್ರೆಯವರು ಒಪ್ಪಿದ್ದಾರೆ. ಫೋನ್ ಮಾಡಲು ಐದು ಜನ ಹೆಸರು ಕೊಟ್ಟಿದ್ದಾರೆ. ಒಬ್ಬೊಬ್ಬರು ಹತ್ತು ಜನರನ್ನು ಒಂದು ವರ್ಷ ನೋಡಿಕೊಳ್ಳುತ್ತಾರೆ. ಹಾಗಾಗಿ ಪರೀಕ್ಷೆ ಕೂಡ ಐವತ್ತು ಜನರ ಪಟ್ಟಿ ತುಂಬುವ ತನಕ ಮಾತ್ರ. ಇದು ಕಡಿಮೆ ಆಯಿತಾ?

ಸಂಜೆಗಾಳಿ
ಐವತ್ತು ಸಾಕು. ವರ್ಷದ ಕೊನೆಗೆ ಅವರಲ್ಲಿ ನಲವತ್ತು ಜನ ಸಿಕ್ಕರೆ ನನಗೆ ತಿಳಿಸಿ, ನಮ್ಮ ವಿಭಾಗದಲ್ಲೇ ಅಷ್ಟು ಸಿಗಲ್ಲ.

ಫೋನ್ ಮಾಡುವವರಿಗೆ ಒಂದು ಸೂಚನೆ: "ಶುಗರ್ ಎಷ್ಟಿದೆ" ಅಂತ ಶುರು ಮಾಡಬೇಡಿ. ಜನ ಸುಳ್ಳು ಹೇಳುತ್ತಾರೆ, ಇಲ್ಲ ಫೋನ್ ಎತ್ತುವುದನ್ನೇ ಬಿಡುತ್ತಾರೆ. ಮಾತ್ರೆ ಸಿಗುತ್ತಿದೆಯಾ, ಮುಗಿದು ಎಷ್ಟು ದಿನ ಆಯಿತು, ತಲೆ ಸುತ್ತು ನಡುಕ ಬೆವರು ಬಂತಾ ಅಂತ ಕೇಳಿ. ಶುಗರ್ 70ಕ್ಕಿಂತ ಕೆಳಗೆ ಹೋದಾಗ ಹಾಗಾಗುತ್ತದೆ. ಸ್ವಲ್ಪ ಸಕ್ಕರೆ ತಿಂದು ಹದಿನೈದು ನಿಮಿಷ ಬಿಟ್ಟು ಮತ್ತೆ ನೋಡಿಕೊಳ್ಳಲು ಹೇಳಿ, ಡಾಕ್ಟರಿಗೂ ತಿಳಿಸಲಿ.

ಮೂರನೇಬೆಂಚು
ಸಂಖ್ಯೆ ಜೋರಾಗಿ ಓದಲ್ಲ ತಾನೆ?

ಹೊಸಹಾದಿ
ಇಲ್ಲ. ಪರೀಕ್ಷೆಗೆ ಪ್ರತ್ಯೇಕ ಕೋಣೆ, ಚೀಟಿ ಮಡಚಿ ಅವರ ಕೈಗೇ. ರಿಜಿಸ್ಟರ್ ಒಂದೇ ಪ್ರತಿ, ಬೀಗದ ಕಪಾಟಿನಲ್ಲಿ. ವಾಟ್ಸಾಪ್ ಗುಂಪಿನಲ್ಲಿ ಯಾರ ಹೆಸರೂ ಹಾಕುವ ಹಾಗಿಲ್ಲ ಅಂತ ಬರೆದು ಸಹಿ ಮಾಡಿಸಿದ್ದೇವೆ.

ಮೂರನೇಬೆಂಚು
ಹಾಗಾದರೆ ಫೋನ್ ಮಾಡುವ ಕೆಲಸಕ್ಕೆ ಆರನೇ ಹೆಸರು ನನ್ನದು ಸೇರಿಸಿ. ರಾತ್ರಿ ಎಂಟರ ಮೇಲೆ ಫ್ರೀ ಇರುತ್ತೇನೆ, ಪಾಳಿ ಮುಗಿಸಿ ಬರುವವರನ್ನು ನನಗೆ ಕೊಡಿ.